ಒಂಟಿ ಗಂಡು ಗಿನಿಪಿಗ್‌ಗೆ ಎಂಥ ಜೊತೆ ತರಬೇಕು?

ಪ್ರಶ್ನೆ: ನಾವು ಮಂಡ್ಯದಲ್ಲಿದ್ದೇವೆ. ಮಗಳ ಒತ್ತಾಯಕ್ಕೆ ಎರಡು ತಿಂಗಳ ಹಿಂದೆ ಬೆಂಗಳೂರಿನಿಂದ ಒಂದು ಗಂಡು ಗಿನಿಪಿಗ್ ತಂದೆವು. ಅದಕ್ಕೀಗ ಸುಮಾರು ನಾಲ್ಕು ತಿಂಗಳು. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗಳು ಶಾಲೆಗೆ ಹೋಗುತ್ತಾಳೆ. ಹಗಲೆಲ್ಲ ಅದು ಒಂಟಿ. ಮೊದಲು ಸೊಪ್ಪಿನ ಕವರ್ ಸದ್ದು ಕೇಳಿದರೆ ಸಾಕು, ಜೋರಾಗಿ ಕೂಗುತ್ತಿತ್ತು. ಈಗೀಗ ಮೂಲೆ ಹಿಡಿದು ಕೂರುತ್ತದೆ, ಇಲ್ಲವೆ ಪಂಜರದ ಕಂಬಿ ಕಡಿಯುತ್ತದೆ. ಜೊತೆಗೆ ಇನ್ನೊಂದನ್ನು ತರೋಣವೆಂದರೆ ಒಬ್ಬೊಬ್ಬರದು ಒಂದೊಂದು ಮಾತು. ಎರಡು ಗಂಡು ಇಟ್ಟರೆ ಕಚ್ಚಾಡಿಕೊಂಡು ಸಾಯುತ್ತವೆ, ಹೆಣ್ಣನ್ನೇ ಒಯ್ಯಿರಿ ಎನ್ನುತ್ತಾರೆ ಅಂಗಡಿಯವರು. ಒಂದು ಮೊಲ ತಂದುಬಿಡಿ ಎನ್ನುತ್ತಾರೆ ನಮ್ಮ ಭಾವ. ಮೈಸೂರಿನ ಪರಿಚಯದವರ ಮನೆಯಲ್ಲಿ ಎರಡು ವರ್ಷದ ಗಂಡೊಂದು ಜೊತೆಗಾರ ಸತ್ತು ಒಂಟಿಯಾಗಿದೆ, ಅದನ್ನು ಕೊಡಲು ಅವರು ಸಿದ್ಧರಿದ್ದಾರೆ. ಅಂಗಡಿಯಲ್ಲಿ ಆರು ವಾರದ ಗಂಡು ಮರಿಗಳೂ ಇವೆ. ನಮ್ಮ ಪಂಜರ ಮೂರಡಿ ಉದ್ದ, ಎರಡಡಿ ಅಗಲ ಇದೆ. ಯಾವುದನ್ನು ತಂದರೆ ಸರಿಹೋಗುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ಇದ್ದ ಪ್ರಾಣಿ ಒಂಟಿತನದಿಂದ ಕೊರಗುತ್ತಿದೆಯೆಂಬುದು ಒಂದು. ಜೊತೆ ತಂದರೆ ಅದೇ ಅನಾಹುತಕ್ಕೆ ದಾರಿಯಾದೀತೆಂಬುದು ಇನ್ನೊಂದು. ಎರಡನೆಯದಕ್ಕೆ ಬರುವ ಮೊದಲು ಮೊದಲನೆಯದನ್ನು ಪರೀಕ್ಷಿಸಬೇಕು. ಏಕೆಂದರೆ ಕೂಗುತ್ತಿದ್ದ ಗಿನಿಪಿಗ್ ಸದ್ದಡಗಿ ಮೂಲೆ ಸೇರಿದೆಯೆಂದರೆ ಅದು ಬೇಸರವೇ ಇರಬೇಕೆಂದಿಲ್ಲ, ಕಾಯಿಲೆಯೂ ಆಗಿರಬಹುದು. ಬೇಟೆಗೆ ತುತ್ತಾಗುವ ಪ್ರಾಣಿಗಳೆಲ್ಲವೂ ನೋವನ್ನು ಮುಚ್ಚಿಡುತ್ತವೆ, ಇದೂ ಹಾಗೆಯೇ.

ನನ್ನ ಬಳಿಗೆ ‘ಮಂಕಾಗಿದೆ’ ಎಂದು ತರುವ ಮರಿಗಳಲ್ಲಿ ಬಹಳಷ್ಟಕ್ಕೆ ಇರುವುದು ಸಿ ವಿಟಮಿನ್ ಕೊರತೆ. ಮನುಷ್ಯರಂತೆಯೇ ಗಿನಿಪಿಗ್‌ನ ದೇಹ ಕೂಡ ಈ ವಿಟಮಿನ್ನನ್ನು ತಾನಾಗಿ ತಯಾರಿಸಿಕೊಳ್ಳಲಾರದು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಹೊರಗಿನಿಂದಲೇ ಸಿಗಬೇಕು. ಮೊಲದ ಆಹಾರದ ಕಾಳು, ಸೌತೆಕಾಯಿ, ಕ್ಯಾರೆಟ್ ಇಷ್ಟರಲ್ಲೇ ಸಾಕಿದರೆ ಕೆಲವೇ ವಾರಗಳಲ್ಲಿ ಕೀಲುಗಳು ನೋಯತೊಡಗುತ್ತವೆ, ಎತ್ತಿಕೊಂಡರೆ ಚೀರುತ್ತದೆ, ಓಡಾಟ ನಿಲ್ಲುತ್ತದೆ. ದಿನಕ್ಕೊಂದು ಹೋಳು ದೊಣ್ಣೆ ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಈ ಕೊರತೆಯನ್ನು ಬಹುಮಟ್ಟಿಗೆ ತಡೆಯುತ್ತವೆ. ಅದರ ಮುಖ್ಯ ಆಹಾರ ಮಾತ್ರ ಹುಲ್ಲೇ. ನಮ್ಮ ಕಡೆ ಸುಲಭವಾಗಿ ಸಿಗುವ ಭತ್ತದ ಹುಲ್ಲು ಹಾಸಲು ಆಗುತ್ತದೆಯೇ ಹೊರತು ಅದರಲ್ಲಿ ಪೌಷ್ಟಿಕಾಂಶ ಕಡಿಮೆ. ಚೆನ್ನಾಗಿ ತೊಳೆದ ಗರಿಕೆ ಅದಕ್ಕಿಂತ ಎಷ್ಟೋ ಮೇಲು. ಗದ್ದೆಯ ಬದುವಿನಿಂದ ತರುವುದಾದರೆ ಅಲ್ಲಿ ಇತ್ತೀಚೆಗೆ ಔಷಧ ಹೊಡೆದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆದ್ದರಿಂದ ಈ ವಾರವೇ ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ, ಮುಂದಿನ ವಾರ ಮತ್ತೆ ತೂಗಿ. ನಾಲ್ಕು ತಿಂಗಳ ಮರಿಯ ತೂಕ ಏರುತ್ತಲೇ ಇರಬೇಕು. ಏರದೆ ನಿಂತಿದ್ದರೆ, ಹಿಕ್ಕೆ ಸಣ್ಣದಾಗಿದ್ದರೆ ಅಥವಾ ಜೊಲ್ಲು ಸುರಿಯುತ್ತಿದ್ದರೆ ಜೊತೆ ಹುಡುಕುವ ಕೆಲಸವನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಿ. ಅರ್ಧ ದಿನ ಏನನ್ನೂ ತಿನ್ನದಿದ್ದರೆ ವಾರದವರೆಗೆ ಕಾಯುವ ಮಾತೇ ಇಲ್ಲ, ಅದು ತುರ್ತು.

ಆರೋಗ್ಯ ಸರಿಯಿದೆಯೆಂದಾದರೆ ನಿಮ್ಮ ಊಹೆಯೇ ನಿಜವಿರಬೇಕು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಪಳಗಿಸಿದ ಈ ಪ್ರಾಣಿಯ ಪೂರ್ವಜರು ಸಣ್ಣ ಸಣ್ಣ ಗುಂಪುಗಳಲ್ಲಿ ಬಾಳುವಂಥವು. ಒಂದು ಮೇಯುವಾಗ ಇನ್ನೊಂದು ಕಿವಿಗೊಟ್ಟಿರುತ್ತದೆ. ಒಂದು ಮಲಗಿದ ಧೈರ್ಯದ ಮೇಲೆ ಇನ್ನೊಂದು ಮಲಗುತ್ತದೆ. ಒಂಟಿ ಗಿನಿಪಿಗ್‌ಗೆ ಈ ನಿಶ್ಚಿಂತೆ ಎಂದೂ ಸಿಗುವುದಿಲ್ಲ. ಸ್ವಿಟ್ಜರ್ಲೆಂಡ್ 2008ರ ತನ್ನ ಪ್ರಾಣಿಸಂರಕ್ಷಣಾ ನಿಯಮಗಳಲ್ಲಿ ಗಿನಿಪಿಗ್‌ಗಳನ್ನು ಒಂಟಿಯಾಗಿ ಸಾಕಬಾರದೆಂದು ಕಟ್ಟುನಿಟ್ಟು ಮಾಡಿದ್ದು ಇದೇ ಕಾರಣಕ್ಕೆ. ಸಂಜೆ ಬಂದು ಒಂದು ಗಂಟೆ ಮಡಿಲಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದೇ ಆದರೂ ಹಗಲಿನ ಒಂಟಿತನವನ್ನು ಅದು ತುಂಬಿಕೊಡುವುದಿಲ್ಲ. ಪಂಜರದಲ್ಲಿ ಕನ್ನಡಿ ಇಡುವುದರಿಂದಲೂ ಏನೂ ಆಗದು. ಜೊತೆ ಬಂದರೆ ಮನುಷ್ಯರ ಹತ್ತಿರ ಬರುವುದನ್ನು ಬಿಟ್ಟುಬಿಡುತ್ತದೆ ಎಂಬ ಭಯವೂ ಬೇಡ; ಧೈರ್ಯವಂತ ಜೊತೆಗಾರನನ್ನು ನೋಡಿ ಪುಕ್ಕಲು ಮರಿಗಳು ಕೈಯಿಂದ ಸೊಪ್ಪು ತೆಗೆದುಕೊಳ್ಳುವುದನ್ನು ಕಲಿಯುವುದೇ ಹೆಚ್ಚು.

ಇನ್ನು ಅಂಗಡಿಯವರ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಗಂಡುಗಳು ಕಾದಾಡುವುದುಂಟು, ರಕ್ತ ಬರುವಂತೆ ಕಚ್ಚುವುದೂ ಉಂಟು. ಆದರೆ ಅಂಥ ಪ್ರಕರಣಗಳನ್ನು ಬಿಡಿಸಿ ನೋಡಿದರೆ ಬಹುಪಾಲಿನಲ್ಲಿ ಕಾರಣ ಬೇರೆಯೇ ಇರುತ್ತದೆ: ಹೆಣ್ಣಿನ ವಾಸನೆ ಅದೇ ಕೋಣೆಯಲ್ಲಿರುತ್ತದೆ, ಮೂರು ನಾಲ್ಕು ಗಂಡುಗಳನ್ನು ಒಟ್ಟಿಗೆ ತುಂಬಿರುತ್ತಾರೆ, ಜಾಗ ಇಕ್ಕಟ್ಟಾಗಿರುತ್ತದೆ, ಇಲ್ಲವೆ ಮೊದಲೇ ಇದ್ದದ್ದರ ಪಂಜರದೊಳಕ್ಕೆ ಹೊಸದನ್ನು ಒಮ್ಮೆಲೇ ಬಿಟ್ಟಿರುತ್ತಾರೆ. ಹೆಣ್ಣಿನ ಸುಳಿವಿಲ್ಲದ, ವಿಶಾಲವಾದ ಜಾಗದಲ್ಲಿ ಎರಡೇ ಎರಡು ಗಂಡುಗಳು ಕೊನೆಯವರೆಗೂ ನೆಮ್ಮದಿಯಿಂದ ಇರುವುದು ಅಪರೂಪವೇನಲ್ಲ. ಒಡಹುಟ್ಟಿದವಾದರೆ ಮಾತ್ರ ಹೊಂದುತ್ತವೆ ಎನ್ನುವುದು ಇದರ ಇನ್ನೊಂದು ತುದಿಯ ತಪ್ಪು ನಂಬಿಕೆ. ಒಂದೇ ವಯಸ್ಸಿನ ಅಣ್ಣತಮ್ಮಂದಿರು ಒಟ್ಟಿಗೇ ಪ್ರಾಯಕ್ಕೆ ಬಂದು ಒಟ್ಟಿಗೇ ಯಜಮಾನಿಕೆಗೆ ನಿಂತಾಗ ರಕ್ತಸಂಬಂಧ ಏನೂ ನೆರವಿಗೆ ಬರುವುದಿಲ್ಲ.

ನಿಮ್ಮ ಮರಿಯ ವಯಸ್ಸಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯವಿದೆ. ಜರ್ಮನಿಯ ಪ್ರಾಣಿವರ್ತನಾ ವಿಜ್ಞಾನಿ ನಾರ್ಬರ್ಟ್ ಝಾಕ್ಸರ್ ಮತ್ತು ಸಂಗಡಿಗರು ತೋರಿಸಿಕೊಟ್ಟಂತೆ, ಹಿಂಡಿನಲ್ಲಿ ಹಿರಿಯ ಗಂಡುಗಳ ನಡುವೆ ಬೆಳೆದ ಗಂಡುಗಳು ಮುಂದೆ ಅಪರಿಚಿತ ಗಂಡನ್ನು ಎದುರಿಸಿದಾಗ ಕಾದಾಡದೆ ಹೊಂದಿಕೊಳ್ಳುತ್ತವೆ. ಬೇರೆ ಗಂಡುಗಳ ಒಡನಾಟವೇ ಇಲ್ಲದೆ ಬೆಳೆದವು ಎರಗಿ ಬೀಳುತ್ತವೆ, ಅವುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳೂ ಏರುತ್ತವೆ. ಹಾಗೆಂದರೆ ಎಲ್ಲಿ ಮುಂದುವರಿಯಬೇಕು, ಎಲ್ಲಿ ತಲೆತಗ್ಗಿಸಿ ಸರಿಯಬೇಕು ಎಂಬುದನ್ನು ಗಂಡು ಗಿನಿಪಿಗ್ ಹುಟ್ಟುತ್ತಲೇ ತಿಳಿದಿರುವುದಿಲ್ಲ, ಪ್ರಾಯದ ದಿನಗಳಲ್ಲಿ ಹಿರಿಯರಿಂದ ಕಲಿಯುತ್ತದೆ. ಈ ಕಲಿಕೆಯ ಕಾಲ ಪ್ರಾಯಕ್ಕೆ ಬರುವ ತಿಂಗಳುಗಳೇ. ನಿಮ್ಮದು ಈಗ ಆ ಹೊಸ್ತಿಲಲ್ಲೇ ಇದೆ. ತಡ ಮಾಡಿದಷ್ಟೂ ಜೊತೆ ಕೂಡಿಸುವುದು ಕಷ್ಟವಾಗುತ್ತದೆ.

ಈ ದೃಷ್ಟಿಯಿಂದ ನಿಮ್ಮೆದುರು ಇರುವ ದಾರಿಗಳನ್ನು ನೋಡೋಣ.

ಮೊಲದ ವಿಚಾರವನ್ನು ಬೇಗ ಮುಗಿಸಬಹುದು: ಬೇಡ. ಅದರ ಹಿಂಗಾಲಿನ ಒಂದು ಒದೆತ ಸಾಕು, ಗಿನಿಪಿಗ್‌ನ ಬೆನ್ನೆಲುಬು ಮುರಿಯಲು. ಮೊಲದ ಮೂಗು-ಗಂಟಲಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುವ ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ಮಾರಕ ನ್ಯುಮೋನಿಯಾ ತರಬಲ್ಲದು. ಒಂದರ ಭಾಷೆ ಇನ್ನೊಂದಕ್ಕೆ ಅರ್ಥವಾಗದ್ದರಿಂದ ಒಂಟಿತನವೂ ನೀಗುವುದಿಲ್ಲ.

ಹೆಣ್ಣನ್ನು ತರುವ ಸಲಹೆ ಕೇಳಲು ಸುಲಭ, ಬಾಳಿಸಲು ಕಷ್ಟ. ಗಿನಿಪಿಗ್‌ನ ಗರ್ಭಾವಧಿ 59ರಿಂದ 72 ದಿನ. ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ, ಗಂಡು ಜೊತೆಗಿದ್ದರೆ ಅಂದೇ ಮತ್ತೆ ಗರ್ಭ ನಿಲ್ಲುತ್ತದೆ. ಗಂಡು ಮರಿಗಳನ್ನು ಮೂರು ವಾರಕ್ಕೇ ತಾಯಿಯಿಂದ ಬೇರ್ಪಡಿಸದಿದ್ದರೆ ಅವೂ ಅಪಾಯವೇ. ವರ್ಷದೊಳಗೆ ನಿಮ್ಮ ಮನೆ ಅಂಗಡಿಯಾಗುತ್ತದೆ, ಆ ಮರಿಗಳನ್ನು ಯಾರಿಗೆ ಕೊಡುವುದೆಂಬ ಪತ್ರ ನನಗೆ ಬರುತ್ತದೆ. ಇದಕ್ಕಿಂತ ಗಂಭೀರವಾದದ್ದು ಹೆರಿಗೆಯ ತೊಡಕು. ಮರಿಗಳು ಮೈತುಂಬ ಕೂದಲು, ತೆರೆದ ಕಣ್ಣುಗಳೊಂದಿಗೆ ಸಾಕಷ್ಟು ದೊಡ್ಡದಾಗಿಯೇ ಹುಟ್ಟುವುದರಿಂದ ತಾಯಿಯ ಕಿಬ್ಬೊಟ್ಟೆಯ ಕೆಳಗಿನ ಮೂಳೆಗಳ ಕೂಡು ಸಡಿಲಗೊಂಡು ದಾರಿ ಬಿಡಬೇಕು. ಮೊದಲ ಹೆರಿಗೆ ಆಗದೆ ಆರೆಂಟು ತಿಂಗಳು ದಾಟಿದ ಹೆಣ್ಣಿನಲ್ಲಿ ಆ ಕೂಡು ಬಿಗಿದುಕೊಳ್ಳುತ್ತದೆ, ಆಮೇಲೆ ಗರ್ಭ ಕಟ್ಟಿದರೆ ತಾಯಿ-ಮರಿ ಎರಡೂ ಸಾಯುವ ಸಂಭವ ಹೆಚ್ಚು. ಗಂಡು ಹೆಣ್ಣುಗಳನ್ನು ಒಟ್ಟಿಗೆ ಇಡುವ ಅಂಗಡಿಯಿಂದ ತಂದ ಹೆಣ್ಣು ಬರುವಾಗಲೇ ಗಬ್ಬವಾಗಿರಬಹುದೆಂಬುದನ್ನೂ ಮರೆಯಬೇಡಿ.

ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಹೆಣ್ಣಿನ ಜೊತೆ ಇಡಬಹುದಲ್ಲವೆ? ಇಡಬಹುದು, ಆ ಜೋಡಿ ಬಹಳ ಶಾಂತವಾಗಿಯೂ ಇರುತ್ತದೆ. ಆದರೆ ಅರಿವಳಿಕೆಯ ಅಪಾಯವನ್ನು ತೂಗಿ ನೋಡಬೇಕು. ಬ್ರಿಟನ್ನಿನ ಪಶು ಆಸ್ಪತ್ರೆಗಳ ಮಾಹಿತಿ ಆಧರಿಸಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವಿನ ಪ್ರಮಾಣ ನಾಯಿಗಳಲ್ಲಿ ಶೇಕಡ 0.17, ಬೆಕ್ಕುಗಳಲ್ಲಿ 0.24 ಇದ್ದರೆ ಗಿನಿಪಿಗ್‌ಗಳಲ್ಲಿ 3.8 ಇತ್ತು. ಕಾಯಿಲೆ ಬಿದ್ದವನ್ನೂ ಸೇರಿಸಿದ ಲೆಕ್ಕವದು, ಆರೋಗ್ಯವಂತ ಎಳೆಯ ಗಂಡಿನಲ್ಲಿ ಅಪಾಯ ಅದಕ್ಕಿಂತ ಕಡಿಮೆ. ಆದರೂ ನಾಯಿ, ಹಸುಗಳಲ್ಲಿ ಪಳಗಿದ ವೈದ್ಯರೆಲ್ಲರಿಗೂ ಈ ಪ್ರಾಣಿಯ ಅರಿವಳಿಕೆ ರೂಢಿಯಿರುವುದಿಲ್ಲ. ಮೊಲ, ಗಿನಿಪಿಗ್‌ಗಳಿಗೆ ಈ ಶಸ್ತ್ರಚಿಕಿತ್ಸೆಯನ್ನು ಆಗಾಗ ಮಾಡುತ್ತಿರುವವರನ್ನೇ ಮೈಸೂರು ಅಥವಾ ಬೆಂಗಳೂರಿನಲ್ಲಿ ವಿಚಾರಿಸಿ ಹೋಗಬೇಕಾಗುತ್ತದೆ. ನಾಯಿಗೆ ಮಾಡುವಂತೆ ರಾತ್ರಿಯೆಲ್ಲ ಉಪವಾಸ ಹಾಕಿ ತನ್ನಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಹಿಂತಿರುಗಿ; ಗಿನಿಪಿಗ್‌ನ ಕರುಳು ಅಷ್ಟು ಹೊತ್ತು ಖಾಲಿಯಿರಲಾಗದು. ಶಸ್ತ್ರಚಿಕಿತ್ಸೆಯಾದ ಮೇಲೂ ಆರು ವಾರ ಹೆಣ್ಣಿನಿಂದ ದೂರವಿಡಬೇಕು, ಏಕೆಂದರೆ ಉಳಿದ ವೀರ್ಯದಿಂದ ಗರ್ಭ ನಿಲ್ಲಬಹುದು. ಹೋಗಲಿ, ಶಸ್ತ್ರಚಿಕಿತ್ಸೆ ಮಾಡಿಸಿದರೆ ಎರಡು ಗಂಡುಗಳ ಜಗಳವಾದರೂ ನಿಲ್ಲುತ್ತದೆಯೇ ಎಂದು ಹಲವರು ಕೇಳುತ್ತಾರೆ. ಬಹುಮಟ್ಟಿಗೆ ಇಲ್ಲ. ಅವುಗಳ ಯಜಮಾನಿಕೆಯ ಸ್ವಭಾವ ಅದರಿಂದ ಹೆಚ್ಚೇನೂ ಬದಲಾಗುವುದಿಲ್ಲ, ಆದ್ದರಿಂದ ಆ ಒಂದೇ ಉದ್ದೇಶಕ್ಕೆ ಕತ್ತರಿ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಉಳಿದದ್ದು ಗಂಡು ಜೊತೆ. ಆರು ವಾರದ ಮರಿಯನ್ನು ನಿಮ್ಮದು ಬಹುಶಃ ಮೊದಲ ದಿನವೇ ಒಪ್ಪಿಕೊಳ್ಳುತ್ತದೆ, ಎಳೆಯದರಿಂದ ಅದಕ್ಕೆ ಭಯವಿಲ್ಲ. ನನ್ನ ಹಿಂಜರಿಕೆ ಇರುವುದು ಆಮೇಲಿನ ದಿನಗಳ ಬಗ್ಗೆ. ಆ ಮರಿ ಪ್ರಾಯಕ್ಕೆ ಕಾಲಿಡುವ ಹೊತ್ತಿಗೆ ನಿಮ್ಮದೂ ಅದೇ ಬಿಸಿಯಲ್ಲಿರುತ್ತದೆ, ಕಲಿಸುವ ಹಿರಿಯನೇ ಇರುವುದಿಲ್ಲ. ಮೈಸೂರಿನ ಎರಡು ವರ್ಷದ ಗಂಡು ಆ ಹಂತವನ್ನು ದಾಟಿದೆ. ಇನ್ನೊಂದು ಗಂಡಿನ ಜೊತೆ ಬಾಳಿ ಗೊತ್ತಿದೆ, ಅದೂ ಈಗ ಜೊತೆಗಾಗಿ ಹಂಬಲಿಸುತ್ತಿದೆ. ನಿಮ್ಮದು ಇನ್ನೂ ಅದಕ್ಕೆ ಎದುರು ನಿಲ್ಲುವ ಗಾತ್ರಕ್ಕೆ ಬಂದಿಲ್ಲ. ಅಂಗಡಿಯ ಮರಿಗಿಂತ ಇದನ್ನೇ ಮೊದಲು ಪ್ರಯತ್ನಿಸಿ ಎಂಬುದು ನನ್ನ ಸಲಹೆ. ಆದರೆ ಇದು ಲೆಕ್ಕಾಚಾರ ಮಾತ್ರ. ವಯಸ್ಸು, ಗಾತ್ರ ಎಲ್ಲ ಕೂಡಿಬಂದರೂ ಸ್ವಭಾವ ಹೊಂದದಿದ್ದರೆ ಜೋಡಿ ನಿಲ್ಲದು. ಎರಡೂ ದರ್ಪದವಾದರೆ ನಡೆಯುವುದಿಲ್ಲ, ಒಂದಾದರೂ ಬಿಟ್ಟುಕೊಡುವಂಥದ್ದಿರಬೇಕು. ಆದ್ದರಿಂದ ಮೈಸೂರಿನವರ ಬಳಿ ಮೊದಲೇ ಮಾತಾಡಿ, ಒಂದು ತಿಂಗಳ ಮಟ್ಟಿಗೆ ಎಂದೇ ತನ್ನಿ, ಹೊಂದದಿದ್ದರೆ ಮರಳಿ ಒಪ್ಪಿಸುವುದೆಂದು ಸ್ಪಷ್ಟವಾಗಿರಲಿ. ಅಂಗಡಿಯಲ್ಲಿ ಈ ಅನುಕೂಲ ಸಿಗುವುದು ಕಷ್ಟ. ಹಿಂದಿನ ಜೊತೆಗಾರ ಯಾವುದರಿಂದ ಸತ್ತಿತು, ಅದರೊಡನೆ ಜಗಳವಿತ್ತೇ ಎಂದೂ ಕೇಳಿ. ತಂದದ್ದು ಯಾವುದೇ ಇರಲಿ, ಗಂಡು ಹೌದೇ ಎಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ನಿಮ್ಮಲ್ಲಿರುವುದನ್ನೂ ತೋರಿಸಿಬಿಡಿ, ಗಂಡೆಂದು ಕೊಂಡದ್ದು ಮರಿ ಹಾಕಿದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಹೊಸದನ್ನು ತಂದ ಮೊದಲ ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಬೇಕು. ಕಜ್ಜಿಯ ನುಸಿ, ಹೇನು, ಹುಳುಕಡ್ಡಿ, ಉಸಿರಾಟದ ಸೋಂಕು ಇವೆಲ್ಲ ಬಯಲಾಗಲು ಅಷ್ಟು ಸಮಯ ಬೇಕು, ಹುಳುಕಡ್ಡಿಯಂತೂ ನಿಮ್ಮ ಮಗಳ ಕೈಗೂ ಹತ್ತಬಹುದು. ಹಳೆಯದಕ್ಕೆ ಮೊದಲು ಮೇವು ಹಾಕಿ, ಆಮೇಲೆ ಹೊಸದರ ಕೋಣೆಗೆ ಹೋಗಿ, ಕೈತೊಳೆದು ಬನ್ನಿ.

ಈ ಅವಧಿಯಲ್ಲಿ ಜಾಗದ ವ್ಯವಸ್ಥೆ ಮಾಡಿಕೊಳ್ಳಿ. ನಿಮ್ಮ ಆರು ಚದರಡಿಯ ಪಂಜರ ಎರಡು ಗಂಡುಗಳಿಗೆ ಸಾಲುವುದಿಲ್ಲ, ಕಡಿಮೆಯೆಂದರೂ ಹತ್ತು ಚದರಡಿ ನೆಲ ಬೇಕು. ಐದಡಿ ಉದ್ದ, ಎರಡಡಿ ಅಗಲವಾದರೂ ಸರಿ. ದುಬಾರಿ ಪಂಜರವೇ ಆಗಬೇಕೆಂದಿಲ್ಲ. ಹಾಲ್‌ನ ಒಂದು ಮೂಲೆಗೆ ರೆಕ್ಸಿನ್ ಹಾಸಿ, ಮೇಲೆ ದಪ್ಪ ಬಟ್ಟೆ ಹಾಕಿ, ಒಂದೂವರೆ ಅಡಿ ಎತ್ತರದ ಜಾಲರಿ ಕಟ್ಟಿದರೂ ನಡೆಯುತ್ತದೆ, ಬೆಕ್ಕು ಮತ್ತು ಹೆಗ್ಗಣ ಒಳಬರದಂತೆ ಮೇಲೆ ಮುಚ್ಚಿಗೆಯಿದ್ದರಾಯಿತು. ತಂತಿಯ ನೆಲ ಬೇಡ, ಪಾದ ಹುಣ್ಣಾಗುತ್ತದೆ. ನೀರಿನ ಬಾಟಲಿ, ಹುಲ್ಲಿನ ರಾಶಿ, ಅಡಗುವ ಡಬ್ಬ ಎಲ್ಲವೂ ಎರಡೆರಡಿರಲಿ, ಡಬ್ಬಗಳಿಗೆ ಎರಡು ಬಾಗಿಲಿರಲಿ. ಒಂದೇ ಬಾಗಿಲಿನ ಡಬ್ಬದಲ್ಲಿ ಮೂಲೆಗೆ ಸಿಕ್ಕಿಬಿದ್ದಾಗಲೇ ಕಚ್ಚಾಟ ಕೆಡುವುದು.

ಭೇಟಿ ಮಾಡಿಸುವ ದಿನ ಎರಡಕ್ಕೂ ಹೊಸದಾದ ಜಾಗ ಬೇಕು, ನಡುಮನೆಯ ನೆಲವೋ ವರಾಂಡವೋ ಆಗಬಹುದು. ನಡುವೆ ಗರಿಕೆ, ಕೊತ್ತಂಬರಿಯ ದೊಡ್ಡ ರಾಶಿ ಹಾಕಿ ಎರಡನ್ನೂ ಒಟ್ಟಿಗೆ ಬಿಡಿ. ನಿಮಗೆ ಮೂರು ನಾಲ್ಕು ಗಂಟೆ ಬಿಡುವಿರುವ ಭಾನುವಾರ ಬೆಳಿಗ್ಗೆ ಒಳ್ಳೆಯದು. 27-28 ಡಿಗ್ರಿ ದಾಟಿದ ಬಿಸಿಲು ಈ ಪ್ರಾಣಿಗೆ ಆಗಿಬರುವುದಿಲ್ಲ, ನಮ್ಮ ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನಗಳಲ್ಲಂತೂ ಈ ಕೆಲಸಕ್ಕೆ ಕೈಹಾಕಲೇಬೇಡಿ. ಪಟಾಕಿಯ ದಿನಗಳೂ ಬೇಡ. ಎರಡಕ್ಕೂ ಒಟ್ಟಿಗೆ ಸ್ನಾನ ಮಾಡಿಸುವುದು, ವಾಸನೆ ತಿಳಿಯದಿರಲೆಂದು ಮೂಗಿಗೆ ನೆಗಡಿಯ ಮುಲಾಮು ಸವರುವುದು ಇಂಥವನ್ನು ಕೆಲವರು ಮಾಡುತ್ತಾರೆ. ಮೊದಲನೆಯದು ಹೆದರಿಸುತ್ತದೆ, ಎರಡನೆಯದು ನೋಯಿಸುತ್ತದೆ, ಗುರುತು ಹಿಡಿಯುವ ದಾರಿಯನ್ನೇ ಮುಚ್ಚುತ್ತದೆ.

ಬಿಟ್ಟ ಮೇಲೆ ಏನಾಗುತ್ತದೆಂದು ಮುಂಚೆಯೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಒಂದು ಇನ್ನೊಂದರ ಹಿಂಭಾಗ ಮೂಸುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಮೇಲೇರುತ್ತದೆ, ಗುರ್‌ಗುಟ್ಟುತ್ತಾ ಸೊಂಟ ತೂಗಿ ನಿಧಾನವಾಗಿ ಸುತ್ತುತ್ತದೆ, ಗಲ್ಲವನ್ನು ಮೇಲೆತ್ತಿ ತೋರಿಸುತ್ತದೆ. ಇದು ಜಗಳವಲ್ಲ, ಪಕ್ಕದ ಜಮೀನಿನವರು ಬದು ಗುರುತು ಮಾಡಿಕೊಂಡಂತೆ. ಹಲ್ಲು ಕಟಕಟ ಎನ್ನಿಸಿದರೂ ಒಂದು ಸರಿದು ಹೋದರೆ ಸುಮ್ಮನಿರಿ. ಚೀರಾಟಕ್ಕೂ ಮರುಳಾಗಬೇಡಿ, ಎಳೆಯದು ಏನೂ ಆಗದೆಯೂ ಚೀರುತ್ತದೆ, ‘ನಾನು ಸೋತೆ’ ಎನ್ನುವ ಬಗೆಯದು. ಪ್ರತಿ ಸಲವೂ ಎತ್ತಿ ಬೇರೆ ಮಾಡಿದರೆ ಮಾತುಕತೆ ಮುಗಿಯುವುದೇ ಇಲ್ಲ, ಮರುದಿನ ಮೊದಲಿನಿಂದ ಶುರುವಾಗುತ್ತದೆ. ಕೂದಲು ನಿಮಿರಿ, ಎದುರುಬದುರು ನಿಂತು, ಬಾಯಿ ತೆರೆದು ಹಲ್ಲು ತೋರಿಸುತ್ತಾ ಎರಡೂ ಹಿಂಜರಿಯದಿದ್ದರೆ ಮಾತ್ರ ಎಚ್ಚರಗೊಳ್ಳಿ. ಎಗರಿ ಕಚ್ಚಿ ಉರುಳಾಡತೊಡಗಿದರೆ ತಕ್ಷಣ ನಡುವೆ ಮೊರವನ್ನೋ ದಪ್ಪ ಟವೆಲನ್ನೋ ಹಾಕಿ ಬಿಡಿಸಿ. ಬರಿಗೈ ಹಾಕಿದರೆ ಕಚ್ಚು ನಿಮ್ಮ ಬೆರಳಿಗೆ. ರಕ್ತ ಬಂದ ಜೋಡಿಯನ್ನು ಅದೇ ದಿನ ಮತ್ತೆ ಸೇರಿಸಬಾರದು.

ಕಚ್ಚಿದ ಗಾಯಕ್ಕೆ ಔಷಧದ ಅಂಗಡಿಯಿಂದ ಮಾತ್ರೆ ತಂದು ಹಾಕುವ ಅಭ್ಯಾಸದ ಬಗ್ಗೆ ಇಲ್ಲಿ ಹೇಳಲೇಬೇಕು. ಮನುಷ್ಯರಿಗೆ ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷಕಾರಿಗಳು ಬೆಳೆದು, ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ. ಗಾಯವನ್ನು ಉಪ್ಪುನೀರಿನಿಂದ ತೊಳೆದು ವೈದ್ಯರ ಬಳಿ ಹೋಗಿ, ಅದು ಗಿನಿಪಿಗ್ ಎಂಬುದನ್ನು ಅವರಿಗೆ ಮತ್ತೊಮ್ಮೆ ನೆನಪಿಸಿ.

ಎರಡೂ ಅಕ್ಕಪಕ್ಕ ಕೂತು ಮೇಯತೊಡಗಿದ ಮೇಲೆ, ಸ್ವಲ್ಪ ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ ಹೊಸದಾಗಿ ಜೋಡಿಸಿದ ಜಾಗಕ್ಕೆ ಒಟ್ಟಿಗೇ ಬಿಡಿ. ಹಳೆಯ ಪಂಜರದ ಬಟ್ಟೆಯನ್ನು ಅಲ್ಲಿ ಹಾಕಬೇಡಿ. ಮೊದಲ ಎರಡು ವಾರ ಒಂದಿಷ್ಟು ಅಟ್ಟಾಡಿಸುವಿಕೆ ಇರುತ್ತದೆ. ನಿಮ್ಮದು ಆರರಿಂದ ಹತ್ತು ತಿಂಗಳ ನಡುವೆ ಇನ್ನೊಮ್ಮೆ ತಲೆಯೆತ್ತಿ ನೋಡುತ್ತದೆ. ಆಗ ಹೆದರಿ ಬೇರೆ ಮಾಡುವುದಕ್ಕಿಂತ ಜಾಗ ಹಿಗ್ಗಿಸಿ, ಸೊಪ್ಪನ್ನು ಒಂದೇ ಕಡೆ ಗುಡ್ಡೆ ಹಾಕದೆ ಚೆಲ್ಲಿ ಹಾಕುವುದು ಹೆಚ್ಚು ಫಲಕೊಡುತ್ತದೆ. ಮೂರನೆಯ ಗಂಡನ್ನು ಎಂದಿಗೂ ಸೇರಿಸಬೇಡಿ.

ಇಷ್ಟೆಲ್ಲ ಮಾಡಿಯೂ ಹೊಂದದಿದ್ದರೆ ಎರಡು ದಾರಿಗಳಿವೆ: ಮಾತಿನಂತೆ ಮರಳಿ ಕೊಟ್ಟು ಬೇರೊಂದನ್ನು ನೋಡುವುದು, ಇಲ್ಲವೆ ನಡುವೆ ಜಾಲರಿ ಹಾಕಿ ಅಕ್ಕಪಕ್ಕ ಸಾಕುವುದು. ಒಂದರ ಸದ್ದು, ವಾಸನೆ ಇನ್ನೊಂದಕ್ಕೆ ಸಿಗುವುದರಿಂದ ಎರಡನೆಯದೂ ಪೂರ್ತಿ ಒಂಟಿತನಕ್ಕಿಂತ ಮೇಲೇ, ಆದರೆ ಪ್ರತಿಯೊಂದಕ್ಕೂ ಪೂರ್ಣ ಜಾಗ ಬೇಕಾಗುತ್ತದೆ. ಹೊಂದಿಕೊಂಡರೂ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಎರಡನ್ನೂ ತೂಗುವುದನ್ನು ಬಿಡಬೇಡಿ. ಹೊಡೆದಾಟ ಕಾಣದಿದ್ದರೂ ಒಂದು ಇನ್ನೊಂದನ್ನು ಹುಲ್ಲು, ನೀರಿನ ಹತ್ತಿರ ಬಿಡದೆ ಸತಾಯಿಸುತ್ತಿದ್ದರೆ ಅದು ಮೊದಲು ಗೊತ್ತಾಗುವುದು ತಕ್ಕಡಿಯಲ್ಲೇ. ಎರಡು ವರ್ಷದ್ದು ಒಂದೇ ವಾರದಲ್ಲಿ ಐವತ್ತು ಗ್ರಾಂಗಿಂತ ಹೆಚ್ಚು ಇಳಿದಿದ್ದರೆ, ಅಥವಾ ನಿಮ್ಮ ಎಳೆಯದು ಎರಡು ವಾರ ಏರದೆ ನಿಂತಿದ್ದರೆ, ಎರಡನ್ನೂ ಕರೆದುಕೊಂಡು ಬನ್ನಿ.